ಹಾಸಿಗೆ ಹಾಸಿದವಳು

ಮಗ ಒಂದು ತುದಿ, ಮೈದುನ ಇನ್ನೊಂದು ತುದಿ ಹಿಡಿದು ನಡುಮನೆಯ ಮಂಚಕ್ಕೆ ಬಿಳಿ ಬೆಡ್‌ಶೀಟು ಹಾಸಲು ಹೆಣಗುತ್ತಿದ್ದರು. ಆಸ್ಪತ್ರೆಯಿಂದ ತಂದ ಮನೆ ಯಜಮಾನರ ಹೆಣ ಸ್ಟ್ರೆಚರಿನ ಮೇಲೆ ಬಾಗಿಲಲ್ಲೇ ಕಾಯುತ್ತಿತ್ತು. ಇವನು ಎಳೆದರೆ ಅವನ ಕಡೆ ಸಾಲದು, ಅವನು ಎಳೆದರೆ ಇವನ ಕಡೆ ಮುದುರು. ಅಷ್ಟರಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ ನರೆಗೂದಲ ಹೆಂಗಸೊಬ್ಬಳು "ಇತ್ತ ಕೊಡಿ" ಎಂದು ಬಟ್ಟೆ ಇಸಿದುಕೊಂಡಳು. ಎಡಗೈ ಒಮ್ಮೆ ಬೀಸಿತು. ಬಟ್ಟೆ ಗಾಳಿ ತುಂಬಿಕೊಂಡು ಎದ್ದು ತಾನಾಗಿ ನಾಲ್ಕೂ ಮೂಲೆಗೆ ಇಳಿಯಿತು. ಬಲ ಮೊಣಕಾಲು ಬಗ್ಗಿತು; ಎಡದ್ದು ಬಗ್ಗಲೇ ಇಲ್ಲ.

ಗೋಡೆಗೊರಗಿ ಕೂತಿದ್ದ ಮನೆಯಾಕೆ ತನಗರಿವಿಲ್ಲದೆ ಎಣಿಸುತ್ತಿದ್ದಳು. ಹನ್ನೆರಡು, ಹದಿಮೂರು, ಹದಿನಾಲ್ಕು.

ಇವಳೇ.

ಮೂವತ್ತು ವರ್ಷದಲ್ಲಿ ಒಮ್ಮೆಯೂ ಮುಖ ನೋಡಿರಲಿಲ್ಲ. ಗುರುತಿಗೆ ಮುಖವೇ ಬೇಕಾಗಲಿಲ್ಲ. ಬೆಳಗಿನಿಂದ ಕಲ್ಲಾಗಿ ಕೂತಿದ್ದವಳ ಹೊಟ್ಟೆಯೊಳಗೆ ಹಳೆಯ ಕೆಂಡ ಬೂದಿ ಕೊಡವಿಕೊಂಡಿತು.

"ಯಾರಕ್ಕ ಅದು?" ತಂಗಿ ಕಿವಿಯಲ್ಲಿ ಕೇಳಿದಳು.

"ನಿನ್ನ ಭಾವನ ಹೋಟೆಲಿನವಳು."

"ಎಷ್ಟು ಚುರುಕು ನೋಡು, ಈ ವಯಸ್ಸಲ್ಲೂ."

"ಕೇಳಿ ಕೇಳಿ ಸಾಕಾಗಿದೆ ಕಣೆ," ಎಂದಳು ಮನೆಯಾಕೆ.

*

ಗಂಡನಿಗೆ ಊರಿನ ದೊಡ್ಡ ಹೋಟೆಲಿನಲ್ಲಿ ಕೆಲಸವಿತ್ತು. ಬೇರೆಯವರು ಕೆಲಸ ಮಾಡುವುದನ್ನು ನೋಡುವುದೇ ಆ ಕೆಲಸ. ಒಂದು ಕೈಯಲ್ಲಿ ಸ್ಟಾಪ್‌ವಾಚು, ಇನ್ನೊಂದರಲ್ಲಿ ರಟ್ಟಿಗೆ ಸಿಕ್ಕಿಸಿದ ಹಾಳೆ. ಕೋಣೆ ಸ್ವಚ್ಛ ಮಾಡುವವರು ಎಷ್ಟು ಸಲ ಬಗ್ಗಿದರು, ಎಷ್ಟು ಹೆಜ್ಜೆ ನಡೆದರು, ಯಾವ ಚಲನೆ ದಂಡ ಎಂದು ಬರೆದು, ಒಂದು ಕೋಣೆಗೆ ಇಷ್ಟೇ ನಿಮಿಷ ಎಂದು ಗೊತ್ತುಮಾಡಬೇಕು. ಹೋಟೆಲಿನವರು ಬೆನ್ನ ಹಿಂದೆ ಟಿಕ್‌ಟಿಕ್ ಸಾಹೇಬ್ರು ಎನ್ನುತ್ತಿದ್ದರು.

ಮನೆಯಲ್ಲೂ ಅದೇ ಚಾಳಿ. ಉಪ್ಪಿನ ಡಬ್ಬಿ ಎಡಗಡೆ ಇದ್ದರೆ ದಿನಕ್ಕೆ ನಲವತ್ತು ಹೆಜ್ಜೆ ದಂಡ ಎಂದು ಬಲಕ್ಕೆ ಇಟ್ಟರು. ಆಕೆ ಮರುದಿನವೇ ಎಡಕ್ಕೆ ಇಟ್ಟಳು. ಆ ಜಗಳದಲ್ಲಿ ಆಕೆ ಅತ್ತಾಗ ಗೋಡೆ ಗಡಿಯಾರ ನೋಡಿ, "ಕಾಲು ಗಂಟೆ ಆಯ್ತು ಕಣೆ, ಮುಗೀತಾ?" ಎಂದಿದ್ದರು.

ಅಂಥ ಮನುಷ್ಯ ಒಂದು ಭಾನುವಾರ ಊಟದ ಮಧ್ಯೆ ತುತ್ತು ಕೈಯಲ್ಲೇ ಹಿಡಿದು ಕಣ್ಣರಳಿಸಿದರು. "ಒಬ್ಬಳಿದಾಳೆ. ಹಾಸಿಗೆ ಹಾಸೋಕೆ ಮಿಕ್ಕವರಿಗೆ ಇಪ್ಪತ್ತಮೂರು ಚಲನೆ ಬೇಕು, ಇವಳಿಗೆ ಹದಿನಾಲ್ಕೇ! ಬಲ ಮೊಣಕಾಲು ಮಾತ್ರ ಬಗ್ಗಿಸ್ತಾಳೆ. ಎಡಗೈ ಬೀಸಿದ್ರೆ ಸಾಕು, ಬಟ್ಟೆ ಹೇಳಿದ ಮಾತು ಕೇಳುತ್ತೆ."

"ನೋಡೋಕೆ ಹೇಗಿದಾಳೆ?"

"ಹೇಗಿದಾಳೆ ಅಂದ್ರೆ? ಹೇಳಿದ್ನಲ್ಲ."

ಪರಹೆಂಗಸಿನ ಕಣ್ಣು ಹೊಗಳುವ ಗಂಡನನ್ನು ಬೈಯಬಹುದು. ಮೊಣಕಾಲು ಎಣಿಸುವವನನ್ನು ಏನೆನ್ನುವುದು? ಆರು ತಿಂಗಳು ದಿನವೂ ಆ ಹೆಂಗಸನ್ನೇ ನೋಡುತ್ತ ನಿಂತಿದ್ದರು ಆ ಮಹಾನುಭಾವರು. ಮನೆಯಾಕೆ ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ತಮ್ಮ ಮಂಚದ ಮೇಲೆ ಬೆಡ್‌ಶೀಟು ಬೀಸಿದಳು. ತೆಗೆದಳು, ಮತ್ತೆ ಬೀಸಿದಳು. ಸೊಂಟ ಹಿಡಿಯುವವರೆಗೂ ಬೀಸಿದರೂ ಹತ್ತೊಂಬತ್ತಕ್ಕಿಂತ ಕೆಳಗಿಳಿಯಲಿಲ್ಲ. ಆದರೂ ಸುಕ್ಕಿಲ್ಲದ ಹಾಸಿಗೆ ನೋಡಿ ಗಂಡ ಏನಾದರೂ ಅನ್ನಬಹುದೆಂದು ಕಾದಳು. ಅವರು ಬಂದರು, ಮಲಗಿದರು, ಗೊರಕೆ ಹೊಡೆದರು.

*

ಮನೆಯಾಕೆ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದಳು. ಹೋಟೆಲಿನಿಂದ ಬಂದವಳು ಖಾಲಿ ಚಹಾ ಲೋಟಗಳನ್ನು ಒಟ್ಟಿಗೆ ಹಿಡಿದು ಹಿಂದೆಯೇ ಬಂದಳು.

"ಇಡಿ ಅಲ್ಲಿ. ನಿಮ್ಮ ಹೆಸರು ಗೊತ್ತಿಲ್ಲ ನಂಗೆ. ಮೊಣಕಾಲು ಮಾತ್ರ ಚೆನ್ನಾಗಿ ಗೊತ್ತು."

ಬಂದವಳು ತಬ್ಬಿಬ್ಬಾಗಿ ತನ್ನ ಕಾಲನ್ನೇ ನೋಡಿಕೊಂಡಳು.

"ಹದಿನಾಲ್ಕು," ಎಂದಳು ಮನೆಯಾಕೆ.

"ಅಯ್ಯೋ ಅಮ್ಮ, ಅದನ್ನ ನೆನೆಸಬೇಡಿ." ಲೋಟಗಳನ್ನು ತೊಟ್ಟಿಯಲ್ಲಿಟ್ಟಳು. "ಎಲ್ಲರೂ ಇವಳ ಹಂಗೇ ಮಾಡ್ಬೇಕು ಅಂತ ಹುಕುಂ ಬಂತು. ದಿನಕ್ಕೆ ಹನ್ನೊಂದು ಕೋಣೆ ಇದ್ದದ್ದು ಹದಿನಾರು ಮಾಡಿದ್ರು. ಜೊತೆಯವರು ನನ್ನ ಹತ್ರ ಮಾತು ಬಿಟ್ರು. ನಿನ್ನ ಕೈ ಮುರಿಯ ಅಂತ ಶಾಪ ಹಾಕಿದ್ರು."

"ಮತ್ತೆ ಯಾಕೆ ಬಂದ್ರಿ?"

"ಸಾಹೇಬ್ರು ಒಂದ್ಸಲ ತಪ್ಪು ಬರೆದಿದ್ರು. ಅದಕ್ಕೆ."

"ತಪ್ಪು? ಅವರು?"

"ನಂಗೆ ಒಂದು ಕೋಣೆಗೆ ಹತ್ತೊಂಬತ್ತು ನಿಮಿಷ ಸಾಕಮ್ಮ. ಕೊನೇ ದಿನದ ಅಳತೆಯೇ ಎಲ್ಲರಿಗೂ ಲೆಕ್ಕ. ಅವತ್ತು ಬೆಳಿಗ್ಗೆ ನನ್ನ ಗಂಡ ಇನ್ನೊಬ್ಬಳ ಹಿಂದೆ ಮನೆ ಬಿಟ್ಟು ಹೋಗಿದ್ದ. ದಿಂಬಿಗೆ ಬಟ್ಟೆ ಹಾಕ್ತಾ ಹಾಕ್ತಾ ಕೂತ್ಬಿಟ್ಟೆ. ದುಃಖ ಉಕ್ಕಿ ಬಂತು. ಸಾಹೇಬ್ರು ಗಡಿಯಾರ ನಿಲ್ಲಿಸಲಿಲ್ಲ. ಕಿಟಕಿ ಕಡೆ ತಿರುಗಿ ನಿಂತ್ರು, ನಾನು ಅತ್ತು ಮುಗಿಸೋವರೆಗೂ. ಆಮೇಲೆ ಇಪ್ಪತ್ತೆರಡು ಅಂತ ಬರೆದ್ರು. ಇಲ್ದಿದ್ರೆ ಹದಿನೆಂಟು ಕೋಣೆ ಆಗೋದು. ಯಾರೂ ಬದುಕ್ತಿರಲಿಲ್ಲ."

ಮನೆಯಾಕೆ ನಲ್ಲಿ ತಿರುಗಿಸಿದಳು. ಲೋಟ ತುಂಬಿ ಹರಿಯಿತು.

"ಎಷ್ಟು ಹೊತ್ತು ನಿಂತಿದ್ರು?"

"ಮೂರು ನಿಮಿಷ."

"ಗಡಿಯಾರ ನೋಡ್ಲಿಲ್ವಾ?"

"ಇಲ್ಲಮ್ಮ. ಕಿಟಕಿ ಆಚೆ ನೋಡ್ತಿದ್ರು."

ಕೈ ಹಿಡಿದಿದ್ದರೆ, ಬೆನ್ನು ಸವರಿದ್ದರೆ, ಮೂವತ್ತು ವರ್ಷದ ಅನುಮಾನ ನಿಜವಾಯಿತೆಂದು ಎದೆ ಹಗುರವಾದರೂ ಆಗುತ್ತಿತ್ತು. ಇದಕ್ಕೆ ಆಣೆ ಇಡಿಸುವಂತಿಲ್ಲ, ಕ್ಷಮಿಸುವಂತಿಲ್ಲ. ತನ್ನ ಪಾಲಿಗೆ ಎಂದೂ ಬಾರದಿದ್ದ ಒಬ್ಬ ಗಂಡಸು ಆ ಕಿಟಕಿಯ ಬಳಿ ನಿಂತು, ಸಂಜೆ ಏನೂ ಆಗದವನ ಹಾಗೆ ಮನೆಗೆ ಬಂದು ಊಟ ಮಾಡಿದ್ದ.

"ನಂಗೆ ಒಂದು ಸಲವೂ ಬೆನ್ನು ತಿರುಗಿಸಲಿಲ್ಲ ನೋಡಿ," ಎಂದಳು. ಹೇಳಿದ ಮೇಲೆ ಆ ಮಾತು ತನಗೇ ವಿಚಿತ್ರವಾಗಿ ಕೇಳಿಸಿತು. ಬಂದವಳು ನಗಲಿಲ್ಲ. ಅರ್ಥವಾದವಳಂತೆ ತಲೆ ತಗ್ಗಿಸಿದಳು. ಅರ್ಥವಾಯಿತೆಂಬುದಕ್ಕೇ ಮನೆಯಾಕೆಗೆ ಇನ್ನಷ್ಟು ಉರಿಯಿತು.

"ಅಮ್ಮಾ, ಗಾಡಿ ಬಂತು," ನಡುಮನೆಯಿಂದ ಮಗ ಕೂಗಿದ. "ಅಪ್ಪಂಗೆ ಅಂಗಿ ಹಾಕೋಕೆ ಆಗ್ತಿಲ್ಲ. ಕೈ ಸೆಟೆದುಬಿಟ್ಟಿದೆ."

ಇಬ್ಬರೂ ಹೊರಗೆ ಬಂದರು. ಮಂಚದ ಮೇಲೆ ಮಲಗಿಸಿದ್ದ ಹೆಣದ ಅರ್ಧ ತೋಳಿಗೆ ಅಂಗಿ ಸಿಕ್ಕಿಕೊಂಡಿತ್ತು. ಬಂದವಳ ಕೈ ತಾನಾಗಿ ಮುಂದೆ ಹೋಯಿತು.

"ಬಿಡಿ," ಎಂದಳು ಮನೆಯಾಕೆ. "ನಾನು ಹಾಕ್ತೀನಿ."

ಗಾಡಿಯ ಡ್ರೈವರ್ ಬಾಗಿಲಲ್ಲಿ ಇಣುಕಿದ. "ಸ್ವಲ್ಪ ಬೇಗ ಆಗ್ಲಿ ಅಮ್ಮ. ಇನ್ನೊಂದು ಮನೆಗೆ ಹೋಗ್ಬೇಕು."

ಮನೆಯಾಕೆ ಮಂಚದ ಈ ಬದಿಗೆ ಬಂದು ಒಂದು ತೋಳು ಎಳೆದಳು, ಸುತ್ತಿ ಆ ಬದಿಗೆ ಹೋಗಿ ಇನ್ನೊಂದು ಎಳೆದಳು, ಮತ್ತೆ ಈ ಬದಿಗೆ ಬಂದಳು. ಕಾಲರು ಒಳಗೆ ಮಡಿಚಿಕೊಂಡಿತು, ಬಿಡಿಸಿದಳು. ಗುಂಡಿ ಬೆರಳಿನಿಂದ ಜಾರಿತು. ಮಗ ಕೈಗಡಿಯಾರ ನೋಡಿಕೊಂಡ, ತಂಗಿ ನಿಟ್ಟುಸಿರುಬಿಟ್ಟಳು, ಹೊರಗೆ ಡ್ರೈವರ್ ಒಮ್ಮೆ ಹಾರ್ನ್ ಮಾಡಿದ. ಆಕೆ ಒಂದೊಂದೇ ಗುಂಡಿಯನ್ನು, ಎದೆಯ ಮೇಲೆ ಅಂಗೈಯಿಟ್ಟು, ಬೇಕೆಂದೇ ತಡೆದು ತಡೆದು ಹಾಕಿದಳು.

ಮೂರನೆಯ ಗುಂಡಿ ನಾಲ್ಕನೆಯ ತೂತಿಗೆ ಹೋಯಿತು. ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದ ಹೋಟೆಲಿನವಳ ಬೆರಳುಗಳು ಥಟ್ಟನೆ ಮಿಡುಕಿದವು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕೊಂಡೊಯ್ದು, ಒಂದರಿಂದ ಇನ್ನೊಂದನ್ನು ಬಿಗಿಯಾಗಿ ಹಿಡಿದುಕೊಂಡಳು.