ಕೆತ್ತನೆಯಿಲ್ಲದ ಕೋವಿ

ತೆಂಗಿನೆಣ್ಣೆಯ ವಾಸನೆ, ನಾನು ತಲೆಗೆ ಹಾಕುವ ಎಣ್ಣೆ, ಅದನ್ನು ಇವರು ಕೋವಿಗೆ ತಿಕ್ಕುತ್ತಿದ್ದಾರೆ, ನನ್ನ ಹಾಸಿಗೆಯ ಮೇಲೆ ಕೂತು, ಹವಲ್ಲಿಯ ಬೀದಿಯಲ್ಲಿ ಇರಾಕಿ ಸೈನಿಕರು ದೇಶ ಹಿಡಿದು ಮನೆಮನೆ ಜಾಲಾಡುತ್ತಿರುವಾಗ — ಥೂ, ಇವರು ಅನ್ನಲೂ ಮನಸ್ಸಿಲ್ಲ, ಇವನು, ಸುಕುಮಾರ, ನನ್ನ ಗಂಡ. ನೋಡು ಮಾರಾಯ್ತಿ ಇದರ ಗೆರೆ, ಅನ್ನುತ್ತಾನೆ, ಒಂದು ಹೂವಿಲ್ಲ ಬಳ್ಳಿಯಿಲ್ಲ, ಇಂಗ್ಲೆಂಡಿನ ಶಿಕಾರಿ ಕೋವಿ, ಮಾಡಿದವನಿಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತುಂಟು. ನಿನಗೆ ಗೊತ್ತುಂಟಾ? ಬೆಳಿಗ್ಗೆ ಕಫೀಲನ, ಇವನ ಅರಬಿ ಧಣಿಯ, ಬಂಗಲೆಗೆ ಹೋದದ್ದು ನಮ್ಮ ಪಾಸ್‌ಪೋರ್ಟ್ ತರಲಿಕ್ಕೆ, ನಾಳೆ ಗಡಿ ದಾಟಿ ಅಮ್ಮಾನಿಗೆ ಬಸ್ಸು, ಅಲ್ಲಿಂದ ಊರಿಗೆ ವಿಮಾನ, ಕಫೀಲ್ ಲಂಡನ್ನಿನಲ್ಲಿ ತಣ್ಣಗಿದ್ದಾನೆ, ಅವನ ಕಪಾಟಿನ ಮೇಲಿನ ಅರೆಯಲ್ಲಿ ಪಾಸ್‌ಪೋರ್ಟ್, ಕೆಳಗೆ ಕೋವಿಗಳು, ಬೀಗದ ಕೈ ಇವನ ಹತ್ತಿರ. ಗೇಟಿಗೆ ಸೈನಿಕರ ಜೀಪು ಬಂತು, ಒಮ್ಮೆ ಕೈ ಹಾಕಲಿಕ್ಕೆ ಮಾತ್ರ ಆದದ್ದು, ಕೈಗೆ ಸಿಕ್ಕಿದ್ದು ಇದು. ಸಿಕ್ಕಿದ್ದಲ್ಲ, ಆರಿಸಿದ್ದು, ಮೇಲಿನ ಅರೆ ಬಿಟ್ಟು. ಎರಡು ತುಂಡು ಮಾಡಿ ಜಮಖಾನೆಯಲ್ಲಿ ಸುತ್ತಿ ತಂದಿದ್ದಾನೆ. ಪಕ್ಕದಲ್ಲಿದ್ದ ಜರ್ಮನಿಯ ಕೋವಿಯನ್ನು ಬಿಟ್ಟನಂತೆ, ಚಿನ್ನದ ನಾಯಿ ಬೆಳ್ಳಿಯ ಜಿಂಕೆಯ ಕುತ್ತಿಗೆ ಕಚ್ಚಿದ ಕೆತ್ತನೆಯದ್ದು, ಈದ್ ಹಬ್ಬಕ್ಕೆ ಕಫೀಲ್ ತೋರಿಸಿದಾಗ ಎಲ್ಲರೂ ಮಾಶಾಲ್ಲಾ ಅಂದದ್ದು — ಹೊರಗೆ ಥಳಕು ಒಳಗೆ ಹುಳುಕು, ಸೈನಿಕರು ಒಯ್ಯಲಿ ಅದನ್ನು, ಅವರಿಗೆ ಅದೇ ಸರಿ, ಅನ್ನುತ್ತಾನೆ. ನಗುತ್ತಾನೆ ಬೇರೆ. ಮದುವೆಯ ಮರುದಿನ ನನ್ನ ಕಾಸಿನ ಸರ ಬಿಚ್ಚಿಸಿದವನು, ಸರಳ ಇದ್ದರೇ ಚಂದ ರತ್ನಾ, ನಾನು ಹೂಂ ಅಂದಿದ್ದೆ, ಎಂಥ ಮಂಕುದಿಣ್ಣೆ ನಾನು. ನನಗೆ ಎರಡು ಕೋವಿಯೂ ಒಂದೇ, ಎದುರಿನಿಂದ ನೋಡಿದರೆ ಎರಡು ಕಪ್ಪು ತೂತು, ಹಂದಿಯ ಮೂಗು. ಡ್ಯಾಡಿ ಲುಕ್, ಫಿಟ್ ಆಗ್ತದೆ — ನಾಲ್ಕು ವರ್ಷದ ಮಗಳು ಅಶ್ಮಿತಾ ಎರಡು ತೂತಿಗೆ ಎರಡು ಬೆರಳು ಹಾಕಿ ತಿರುಗಿಸುತ್ತಾಳೆ, ಅವನು ಅದಕ್ಕೂ ನಗುತ್ತಾನೆ. ಕೋವಿ ಸಿಕ್ಕಿದ ಮನೆಯ ಗಂಡಸು ಮತ್ತೆ ಮನೆಗೆ ಬರುವುದಿಲ್ಲ, ಇದು ಊರಿಗೆಲ್ಲ ಗೊತ್ತು. ಮೆಟ್ಟಿಲಲ್ಲಿ ಬೂಟು. ಬಿಸಾಡಿ ಅದನ್ನು. ಇದನ್ನಾ? ಬಿಸಾಡುವುದಾ? ಕಿತ್ತುಕೊಂಡೆ, ಜಮಖಾನೆ ಸಮೇತ ಅಡುಗೆಮನೆಯ ಕಿಟಕಿಯಾಚೆ ಎರಡು ಕಟ್ಟಡಗಳ ನಡುವಿನ ಕಸದ ರಾಶಿಗೆ ತಳ್ಳಿದೆ, ಅವನು ಹೆಣ ಸಾಗಿಸಿದವನ ಹಾಗೆ ನಿಂತಿದ್ದಾನೆ, ನಿಲ್ಲಲಿ. ಕೈ ತೊಳೆದೆ, ಅವನ ಕೈ ತೊಳೆಸಿದೆ, ಹಾಸಿಗೆಗೆ ಬೇರೆ ಚಾದರ ಹಾಸಿದೆ, ಬಾಗಿಲು ತೆರೆದೆ. ಮೂವರು, ಗಡ್ಡವೂ ಬಲಿಯದ ಹುಡುಗರು, ಒಬ್ಬ ಬಗ್ಗಿ ಮಗುವಿಗೆ ಸಲಾಂ ಅನ್ನುತ್ತಾನೆ, ಇವಳು ನಾಚದೆ ಕೈ ಚಾಚುತ್ತಾಳೆ, ಅವನು ಹಿಡಿದುಕೊಳ್ಳುತ್ತಾನೆ, ನೋಡುತ್ತಾನೆ, ಬಿಡುವುದಿಲ್ಲ, ಅವಳ ಎರಡು ಬೆರಳು, ಸುತ್ತ ಎಣ್ಣೆಮಸಿ, ಉಂಗುರ ತೊಡಿಸಿದಷ್ಟು ಚೊಕ್ಕ, ಕಪ್ಪು, ಎರಡು ಬೆರಳು, ಎರಡು —