ಆಮೆಗೆ ಹಾಲಿನ ಅಭಿಷೇಕ

"ಆಮೆ ಮೂತಿಗೆ ಉಯ್ಯೋದೋ, ಚಿಪ್ಪಿಗೆ ಉಯ್ಯೋದೋ ಬೇಗ ಯೋಳ್ರಲಾ, ಕೈ ನೋಯ್ತಾ ಐತೆ!"

ಏಣಿಯ ಮೇಲೆ ಹಾಲಿನ ಕ್ಯಾನು ಎತ್ತಿಕೊಂಡು ನಿಂತಿದ್ದ ಮನು ಕೆಳಗಿದ್ದ ಅಭಿಮಾನಿಗಳತ್ತ ಕೂಗಿದ. ಅವರಿಗಾದರೂ ಗೊತ್ತಿದ್ದರೆ ತಾನೆ? ಹೊಳೆನರಸೀಪುರದ ಆ ಟಾಕೀಸಿನ ಮುಂದೆ ಇಷ್ಟು ವರ್ಷ ಹಾಲು ಸುರಿದದ್ದೆಲ್ಲ ಮೀಸೆ ಇರುವ ಮುಖಗಳ ಮೇಲೆ. ಈ ಸಲ ಕಟೌಟಿನಲ್ಲಿ ನಿಂತಿದ್ದದ್ದು ಕಂಪ್ಯೂಟರಿನಲ್ಲಿ ಹುಟ್ಟಿದ ಆಮೆ. ಡೈರೆಕ್ಟರ್ ಶಿವನಂಜು ಎಪ್ಪತ್ತು ದಾಟಿದ ಮೇಲೆ ಮಕ್ಕಳ ಪುಸ್ತಕವೊಂದನ್ನು ಹಿಡಿದು, ಗ್ರಾಫಿಕ್ಸ್ ಮಾಡುವವರ ದಂಡನ್ನೇ ಕೂಡಿಸಿ ತೆಗೆದ ಪಿಕ್ಚರು. ಅದರಲ್ಲಿ ಹೀರೋ ಅಂತ ಯಾರೂ ಇಲ್ಲ.

"ಮೂತಿಗೇ ಉಯ್ಯಿ ಕಣ್ಲಾ! ಅದೇ ಈರೋ!" ಎಂದು ಸಂಜಯ್ ಕೂಗಿದ.

ಸಂಜಯ್ ಶಿವನಂಜು ಅಭಿಮಾನಿ ಬಳಗದ ಅಧ್ಯಕ್ಷ. ಗದ್ದೆ, ರೈಸ್ ಮಿಲ್ಲು ಇರುವ ಮನೆತನದವನು. ಹಾಲು, ಫ್ಲೆಕ್ಸು, ತಮಟೆ ಎಲ್ಲ ಅವನ ಕಡೆಯಿಂದಲೇ. ಕೈ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಬಳಗದಲ್ಲಿದ್ದ ಒಬ್ಬಳೇ ಹೆಂಗಸು ಯಶೋಧರಾ, ಮಗಳು ತೇಜಶ್ರೀಯ ಕೈ ಹಿಡಿದುಕೊಂಡು ಬಿದ್ದು ಬಿದ್ದು ನಗುತ್ತಿದ್ದಳು. ಅವಳು ಹಾಸನದ ಗಾರ್ಮೆಂಟ್ಸಿಗೆ ಹೋಗುವವಳು. ಶಿವನಂಜು ಪಿಕ್ಚರ್ ಬಂತೆಂದರೆ ಸೂಪರ್‌ವೈಸರಿಗೆ ಫೋನು ಮಾಡಿ ಜ್ವರ ಅನ್ನುತ್ತಾಳೆ. ಅವನೂ "ಯಾವ ಟಾಕೀಸಲ್ಲಮ್ಮ ಜ್ವರ?" ಎಂದು ಕೇಳಿಯೇ ರಜೆ ಕೊಡುತ್ತಾನೆ.

ಈ ಹುಚ್ಚು ಹಿಡಿಸಿದ್ದು ಅವಳಪ್ಪ ಪಾಪಯ್ಯ. ಅವಳು ಚಿಕ್ಕವಳಿದ್ದಾಗ ಮಲ್ಲಿಪಟ್ಟಣದ ಟೆಂಟಿಗೆ ಶಿವನಂಜು ಅವರ ಮೊದಲ ಪಿಕ್ಚರು ಬಂದಿತ್ತು. ಅದರಲ್ಲಿ ಅವರಂಥದೇ ಕೇರಿಯ ಹುಡುಗಿಯೊಬ್ಬಳು, ಊರವರೆಲ್ಲ ಕಣ್ಣು ಕೆಕ್ಕರಿಸಿ ನೋಡುತ್ತಿರುವಾಗ, ಊರಬಾವಿಗೆ ತನ್ನ ಕೊಡವನ್ನು ತಾನೇ ಇಳಿಸಿ ನೀರು ಸೇದುತ್ತಾಳೆ. ಪಾಪಯ್ಯ ಎದ್ದು ನಿಂತು ಶಿಳ್ಳೆ ಹೊಡೆದುಬಿಟ್ಟಿದ್ದ. ಗೌಡರ ಮುಂದೆ ಕೆಮ್ಮುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದ ಅಪ್ಪನ ಬಾಯಲ್ಲಿ ಅಂಥ ಶಿಳ್ಳೆ ಇದೆ ಎಂದು ಅವಳಿಗೆ ಅವತ್ತೇ ಗೊತ್ತಾದದ್ದು. ಅಪ್ಪ ಈಗಿಲ್ಲ. ಶಿವನಂಜು ಎದುರಿಗೆ ಸಿಕ್ಕರೆ ಆ ಶಿಳ್ಳೆಯ ಸಂಗತಿ ಹೇಳಬೇಕು ಅನ್ನುವುದು ಅವಳ ಬಹುಕಾಲದ ಆಸೆ.

ಹಾಲು ಸುರಿದಾಯಿತು. ಸಂಜಯ್ ಈಡುಗಾಯಿ ಒಡೆದು ತಟ್ಟೆಯಲ್ಲಿ ಕರ್ಪೂರ ಹಚ್ಚಿದ.

"ಎಲ್ಲಾ ಮುಟ್ಟಿ ಆಣೆ ಮಾಡಿ. ಪಿಚ್ಚರ್ ಎಂಗೇ ಇರ್ಲಿ, ಮೈಕ್ ಇಡ್ಕಂಡ್ ಕಾಯ್ತಾವ್ರಲ್ಲ ಯೂಟ್ಯೂಬ್‌ನೋರು, ಅವ್ರ ಮುಂದೆ ಸೂಪರ್ ಅನ್ಬೇಕು. ಭಾನ್ವಾರ ಡೈರೆಕ್ಟ್ರು ನಂಜಣ್ಣ ನಮ್ಮೂರ್ಗೆ ಬತ್ತಾವ್ರೆ. ನಮ್ಮೋರೇ ಚೆನ್ನಾಗಿಲ್ಲ ಅಂದ್ರೆ ಕಾರು ಅಂಗೇ ಚನ್ನರಾಯಪಟ್ಣಕ್ಕೆ ಓಯ್ತದೆ." ಆಮೇಲೆ ಅವಳ ಕಡೆ ತಿರುಗಿದ. "ಯಶೋಧಕ್ಕ, ಅವ್ರಿಗೆ ಆರ ಆಕೋದು ನೀನೇ ಕಣಕ್ಕ. ಎಲ್ರೂ ಒಪ್ಪವ್ರೆ."

ಅವಳ ಮನೆಯ ಗೋಡೆಯಲ್ಲಿ ಬುದ್ಧ ಬಂದ ಮೇಲೆ ಕರ್ಪೂರದ ಸಹವಾಸ ಬಿಟ್ಟುಹೋಗಿತ್ತು. ಆದರೂ ಹಾರದ ಮಾತು ಕೇಳಿದ್ದೇ ಕೈ ತಾನಾಗಿ ಮುಂದೆ ಹೋಯಿತು.

ಹೀರೋ ತೆರೆಯ ಮೇಲೆ ಬಂದ ಕೂಡಲೇ ಪೇಪರ್ ಚೂರು ಎರಚಿ ಕುಂಬಳಕಾಯಿಯಲ್ಲಿ ದೃಷ್ಟಿ ತೆಗೆಯುವುದು ಬಳಗದ ಪದ್ಧತಿ. ಪಿಕ್ಚರು ಶುರುವಾಯಿತು. ಹೆಗಲ ಮೇಲೆ ಹಗ್ಗದ ಸುರುಳಿ ಹೊತ್ತ ಚಂದ್ರಿ ಎಂಬ ಪುಟ್ಟ ಹುಡುಗಿ ನಡೆದುಬಂದಳು. "ಯಾವ್ದೋ ಮಗು ಅದು, ಸುಮ್ಕೆ ಕೂತ್ಕಳ್ರಲೇ" ಎಂದು ಯಾರೋ ಅಂದರು. ಬಹಳ ಹೊತ್ತಿನ ಮೇಲೆ ಆಮೆ ಕಣ್ಣು ಬಿಟ್ಟಿತು. ತಗೋ, ಶಿಳ್ಳೆ ಏನು, ಕುಣಿತ ಏನು! ಕುಂಬಳಕಾಯಿ ಹೋಳಾಯಿತು, ಪೇಪರೆಲ್ಲ ಖಾಲಿಯಾಯಿತು.

"ಅಮ್ಮಾ, ಹೀರೋ ಅವ್ಳು ಕಣಮ್ಮಾ" ಎಂದು ತೇಜಶ್ರೀ ಸಿಡುಕಿದಳು. "ಆಮೆ ಬರೀ ಆಮೆ."

ಅವಳಿಗೆ ಗೊತ್ತಿರದೆ ಇನ್ಯಾರಿಗೆ? ಆ ಪುಸ್ತಕವನ್ನು ಶಾಲೆಯಿಂದ ತಂದು ಅಮ್ಮನ ಕೈಲಿ ಓದಿಸಿ ಓದಿಸಿ ಹಾಳೆ ಕಿತ್ತುಬರುವಂತೆ ಮಾಡಿದ್ದಳು. ಕಥೆ ಇಷ್ಟೆ: ಬಾವಿಯ ತಳದಲ್ಲಿ ಮುದಿ ಆಮೆಯೊಂದು ನೀರಿನ ಸೆಲೆಯ ಮೇಲೆ ಕೂತುಬಿಟ್ಟಿದೆ. ಊರಿನ ದೊಡ್ಡವರೆಲ್ಲ ಹೆದರುತ್ತಾರೆ. ಚಂದ್ರಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಬ್ಬಳೇ ಕತ್ತಲಿಗೆ ಇಳಿದು, "ಸ್ವಲ್ಪ ಸರ್ಕೊಳೋ ತಾತ" ಅನ್ನುತ್ತಾಳೆ. ಆಮೆ ಸರಿಯುತ್ತದೆ, ನೀರು ಬರುತ್ತದೆ.

ಪಿಕ್ಚರಿನಲ್ಲಿ ಚಂದ್ರಿ ಬಾವಿಕಟ್ಟೆಯ ಮೇಲೆ ಕಾಲಿಟ್ಟಳಷ್ಟೆ. ಆಮೆಗೆ ರೆಕ್ಕೆ ಬಂತು. ಬಾವಿಯನ್ನು ಒಡೆದುಕೊಂಡು ಮೇಲೆ ಹಾರಿ, ಹುಡುಗಿಯನ್ನು ಬೆನ್ನಿಗೆ ಹಾಕಿಕೊಂಡು, ಎಲ್ಲಿಂದಲೋ ಬಂದ ಬೆಂಕಿಹದ್ದಿನ ಜೊತೆ ಕಾಳಗಕ್ಕೆ ಬಿತ್ತು. ಆಕಾಶವೆಲ್ಲ ಹೊಗೆ, ಸಿಡಿಲು, ಬಣ್ಣ. ಅಲ್ಲಿಂದ ಮುಗಿಯುವವರೆಗೂ ಆ ಮಗುವಿಗೆ ಕಿರುಚುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

"ಅವ್ಳು ಇಳೀಲೇ ಇಲ್ಲ" ಎಂದಳು ತೇಜಶ್ರೀ. "ಡೈರೆಕ್ಟ್ರು ಪುಸ್ತಕ ಓದಿಲ್ವೇನಮ್ಮ?"

ಯಶೋಧರಾಗೆ ಸಿಟ್ಟು ಬಂತು. ಬೇರೆಯವರ ಮೇಲೆ ಬರುವ ಸಿಟ್ಟಲ್ಲ, ಮನೆಯವರ ಮೇಲೆ ಬರುವಂಥದ್ದು.

ಹೊರಗೆ ಗೇಟಿನಲ್ಲಿ ಮೈಕುಗಳು ಕಾದಿದ್ದವು. "ವರ್ಲ್ಡ್ ಲೆವೆಲ್ ಸಾ!" ಎಂದು ಸಂಜಯ್ ಎದೆ ತಟ್ಟಿದ. ಇಂಟರ್‌ವಲ್ಲಿನಿಂದ ಗೊರಕೆ ಹೊಡೆದಿದ್ದ ಬಳಗದ ಬಸವರಾಜು, "ಕಣ್ ಮಿಟುಕ್ಸಕ್ಕೇ ಆಗ್ನಿಲ್ಲ ಸಾ" ಎಂದ. ಮೈಕು ಯಶೋಧರಾಳ ಬಾಯಿಯ ಹತ್ತಿರ ಬಂತು.

"ಮೇಡಂ, ನೀವ್ ಹೇಳಿ. ಪಿಕ್ಚರ್ ಹೆಂಗಿದೆ?"

ಹಿಂದಿನಿಂದ ಸಂಜಯ್ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ. ತೇಜಶ್ರೀ ಅಮ್ಮನ ಮುಖವನ್ನೇ ನೋಡುತ್ತಿದ್ದಳು.

"ಚೆನ್ನಾಗಿಲ್ಲ" ಎಂದಳು ಯಶೋಧರಾ. "ಗ್ರಾಫಿಕ್ಸ್ ಜೋರಾಗೈತೆ, ಇಲ್ಲ ಅನ್ನಲ್ಲ. ಆದ್ರೆ ಆ ಮಗೀನ ಬಾವಿಗೇ ಇಳಿಸ್ನಿಲ್ಲ. ಅವ್ಳು ಇಳೀದೆ ಇದ್ಮೇಲೆ ಕತೆ ಎಲ್ಲೈತೆ?"

ಸಂಜೆಯೊಳಗೆ ಅದು ಎಲ್ಲರ ಫೋನಿಗೂ ಬಂತು, 'ಅಭಿಮಾನಿಯಿಂದಲೇ ಮಂಗಳಾರತಿ' ಅನ್ನುವ ತಲೆಬರಹ ಹೊತ್ತು. ಕೆಳಗೆ ಕಾಮೆಂಟುಗಳು. ಗಾರ್ಮೆಂಟ್ಸ್ ಆಂಟಿಗೆ ಗ್ರಾಫಿಕ್ಸ್ ಏನು ಗೊತ್ತು ಎಂದವರೇ ಮರ್ಯಾದಸ್ಥರು. ಉಳಿದವರ ಬೈಗುಳ ಅವಳ ಕೇರಿಯವರೆಗೂ ಹೋಯಿತು. ಬಳಗದ ವಾಟ್ಸಾಪ್ ಗುಂಪಿನಿಂದ ಅವಳನ್ನು ತೆಗೆದಾಗಿತ್ತು. ಥೂ, ಇಷ್ಟೇನಾ ಇವರ ಅಭಿಮಾನ ಎಂದು ಅವಳು ಫೋನನ್ನು ಅಕ್ಕಿ ಡಬ್ಬದ ಮೇಲೆ ಕುಕ್ಕಿ, ರೊಟ್ಟಿ ತಟ್ಟಲು ಕೂತಳು. ಕಣ್ಣಲ್ಲಿ ನೀರು ಬಂತು. ಬಂದರೆ ಬರಲಿ ಎಂದು ತಟ್ಟಿದಳು.

ಮರುದಿನ ಸಂಜಯ್ ಬೈಕಿನಲ್ಲಿ ಮನೆಗೇ ಬಂದ. ಒಳಗೆ ಬಾ ಎಂದರೂ ಬಾಗಿಲಲ್ಲೇ ನಿಂತ.

"ಉಂಡ ಮನೆ ಜಂತೆ ಎಣಿಸ್ಬುಟ್ಯಲ್ಲಕ್ಕ. ಕರ್ಪೂರ ಮುಟ್ಟಿದ್ದೆ ತಾನೆ?"

"ಮುಟ್ಟಿದ್ದೆ. ಸುಳ್ಳು ಯೋಳ್ತೀನಿ ಅಂತ ಆಣೆ ಮಾಡಿದ್ದೇ ತೆಪ್ಪು ಕಣಣ್ಣ."

"ಓಗ್ಲಿ ಬುಡು. ಒಂದ್ ವಿಡಿಯೋ ಮಾಡ್ಬುಡಾನ. ತಲೆ ನೋಯ್ತಿತ್ತು, ಬಾಯಿ ತೆಪ್ಪಿ ಬಂತು ಅನ್ನು, ಸಾಕು. ಆರ ನಿನ್ ಕೈಲೇ ಆಕುಸ್ತೀನಿ. ನಾನ್ ಕೆಟ್ಟೋನಲ್ಲ ಕಣಕ್ಕ."

ಕೆಟ್ಟವನಲ್ಲ ಎಂದು ಅವಳಿಗೂ ಗೊತ್ತಿತ್ತು. ತಲೆಗೂದಲು ಸರಿಮಾಡಿಕೊಂಡು ಬೆಳಕಿಗೆ ಬಂದು ನಿಂತಳು. ಅವನು ಫೋನು ಹಿಡಿದ.

"ನಂಜಣ್ಣ, ನಾನು ಯಶೋಧರಾ. ನಿಮ್ ಮೊದ್ಲ ಪಿಚ್ಚರ್ನಾಗೆ ಒಬ್ಳು ಹುಡ್ಗಿ ಊರಬಾವಿಗೆ ಕೊಡ ಇಳಿಸ್ತಾಳಲ್ಲ, ಅವ್ಳ ನೋಡಿ ನಮ್ಮಪ್ಪ ಎದ್ದು ನಿಂತು ಶಿಳ್ಳೆ ಒಡ್ದಿದ್ದ. ನಾನ್ ನಿಮ್ ಅಭಿಮಾನಿ ಆಗಿದ್ದು ಅವತ್ತು. ಅವ್ಳನ್ನ ಯಾರೂ ಎತ್ಕಳ್ನಿಲ್ಲ. ಈ ಮಗೀನ ಮಾತ್ರ ಆಮೆ ಯಾಕೆ ಎತ್ಕಬೇಕು? ಇವ್ಳಿಗೆ ಕಾಲಿಲ್ವಾ? ಹಗ್ಗ ಇರ್ನಿಲ್ವಾ? ನಿಮ್ ಮುಂದಿನ ಪಿಚ್ಚರ್‌ಗೂ ಮೊದ್ಲು ಬರೋಳು ನಾನೇ. ಅವತ್ತೂ ನಿಜಾನೇ ಯೋಳ್ತೀನಿ."

ಸಂಜಯ್ ಫೋನು ಕೆಳಗಿಳಿಸಿದ. "ಆರ ಓಯ್ತು ಅಂತ ಗೊತ್ತಾಯ್ತಾ? ನಮ್ಮನೇವ್ಳು ಸೌಜನ್ಯ ಆಕ್ತಾಳೆ, ಬುಡು."

"ಆಕ್ಲಿ. ನಿನ್ ಎಂಡ್ರು ಪಿಚ್ಚರ್ ನೋಡವ್ಳಾ?"

ಅವನು ಬೈಕು ಒದ್ದು ಹೊರಟುಹೋದ. ವಿಡಿಯೋ ಅಳಿಸಿದನೆಂದು ಗೊತ್ತಾದ ಮೇಲೆ ಯಶೋಧರಾ ಅದೇ ಮಾತನ್ನು ಇನ್ನೊಮ್ಮೆ ಹೇಳಿ ಯೂಟ್ಯೂಬಿಗೆ ತಾನೇ ಹಾಕಿದಳು. ಈ ಸಲ ಫೋನು ಹಿಡಿದದ್ದು ತೇಜಶ್ರೀ.

ಭಾನುವಾರ ಮಧ್ಯಾಹ್ನದ ಆಟಕ್ಕೆ ಅಮ್ಮ ಮಗಳು ಮತ್ತೆ ಬಂದರು. ಶಿವನಂಜು ಪಿಕ್ಚರನ್ನು ಒಂದೇ ಸಲ ನೋಡಿ ಬಿಟ್ಟದ್ದು ಅವಳ ಜನ್ಮದಲ್ಲಿ ಇಲ್ಲ, ಕೆಟ್ಟ ಪಿಕ್ಚರೆಂದು ಬಿಟ್ಟುಬಿಡಲು ಅವರೇನು ಬೇರೆಯವರೇ? ಒಳಗೆ ಮಕ್ಕಳು ಮರಿ ಕಟ್ಟಿಕೊಂಡು ಬಂದ ಸಂಸಾರಗಳೇ ಹೆಚ್ಚು. ಪಿಕ್ಚರು ನಡೆಯುತ್ತಿರುವಾಗಲೇ ಹೊರಗೆ ತಮಟೆ ಶುರುವಾಯಿತು. ಪಟಾಕಿ ಹೊಡೆದರು. ಜೈಕಾರ ಕೇಳಿಸಿತು. ಕೆಲವರು ಎದ್ದು ಬಾಗಿಲ ಕಡೆ ಓಡಿದರು.

"ಡೈರೆಕ್ಟ್ರು ಬಂದವ್ರಂತೆ ಕಣವ್ವ. ನೋಡಕ್ ಓಗಲ್ವಾ?" ಎಂದಳು ಪಕ್ಕದ ಸೀಟಿನ ಮುದುಕಿ.

ಯಶೋಧರಾ ಒಮ್ಮೆ ಬಾಗಿಲ ಕಡೆ ನೋಡಿ ಮತ್ತೆ ತೆರೆಯ ಕಡೆ ತಿರುಗಿದಳು. "ಪಿಚ್ಚರ್ ನಡೀತಾ ಐತಲ್ಲಜ್ಜಿ" ಎಂದಳು.

ತೆರೆಯ ಮೇಲೆ ಚಂದ್ರಿ ಬಾವಿಕಟ್ಟೆಗೆ ಕಾಲಿಟ್ಟು ಬಗ್ಗಿ ನೋಡಿದಳು. ತೇಜಶ್ರೀ ತಟ್ಟನೆ ಸೀಟಿನ ಮೇಲೆ ಹತ್ತಿ ನಿಂತಳು.

"ಇಳಿಯೇ! ಇಳಿಯೇ ಚಂದ್ರೀ!"

ಮುಂದಿನ ಸಾಲಿನಿಂದ ಇನ್ನೊಂದು ಮಗು ಕೂಗಿತು. ಆಮೇಲೆ ಗೋಡೆಯ ಕಡೆಯಿಂದ ಒಂದು, ಬಾಲ್ಕನಿಯಿಂದ ಒಂದು. ಆಮೆಗೆ ರೆಕ್ಕೆ ಬಂದದ್ದನ್ನು ಲೆಕ್ಕಿಸದೆ ಮಕ್ಕಳು ಇಳಿ ಇಳಿ ಎಂದು ಅರಚತೊಡಗಿದರು. ಟಾರ್ಚಿನವನು ಬಂದು, "ಮಗೀನ ಕೂರಿಸ್ಕಳಮ್ಮ" ಎಂದ. ಯಶೋಧರಾ ಅವನ ಕಡೆ ತಿರುಗಲಿಲ್ಲ. ಮಗಳ ಕಾಲ ಕೆಳಗಿನ ಸೀಟು ಮಡಚಿಕೊಳ್ಳದ ಹಾಗೆ ಅದನ್ನು ಕೈಯಿಂದ ಒತ್ತಿ ಹಿಡಿದು ಕೂತಳು.