ಪೂಜೆಯ ತಂಬಿಗೆಗೆ ಕಲಾಯಿ

ಕೆಟ್ಟಿತು! ಬಿಬಿಜಾನಳ ಕೈ ಅಲ್ಲೇ ನಿಂತಿತು.

ತಂಬಿಗೆಯ ಒಳಗೆ ಕಲಾಯಿ ಫಳಫಳ ಹೊಳೆಯುತ್ತಿತ್ತು. ಆ ಮಟ್ಟಿಗೆ ಕೆಲಸ ಚೊಕ್ಕವಾಗಿಯೇ ಆಗಿತ್ತು. ಹೊರಗಿನ ಕಪ್ಪು ತೆಗೆಯಲು ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಕುತ್ತಿಗೆಯ ಗೆರೆಯಲ್ಲಿ ಕೆಂಪಗೆ ಏನೋ ಕಂಡಿತು. ಉಗುರಿನಿಂದ ಕೆರೆದು ನೋಡಿದಳು. ಕುಂಕುಮ. ಅಡುಗೆಮನೆಯ ತಂಬಿಗೆಗೆ ಯಾರು ಕುಂಕುಮ ಹಚ್ಚುತ್ತಾರೆ? ಇದು ಶ್ರೀಶೈಲಪ್ಪ ಸಾವಕಾರರ ಮನೆಯ ಪೂಜೆಯ ತಂಬಿಗೆ. ವರ್ಷಕ್ಕೊಮ್ಮೆ ಪೆಟ್ಟಿಗೆಯಿಂದ ಹೊರಬಂದು ದೀಪಾವಳಿ ಅಮಾವಾಸ್ಯೆಗೆ ಲಕ್ಷ್ಮಿಯ ಕಳಸವಾಗುವಂಥದ್ದು. ಪೂಜೆಯ ತಾಮ್ರಕ್ಕೆ ಕಲಾಯಿಯ ತವರ ಸೋಕಿಸುವಂತಿಲ್ಲ. ಉಮದಿ ಊರಿನ ಸಣ್ಣ ಮಕ್ಕಳಿಗೂ ಗೊತ್ತಿರುವ ಮಾತು. ಮಸಿ ಹಿಡಿದ ಪಾತ್ರೆಗಳ ಜೊತೆ ಒಂದೇ ಚೀಲದಲ್ಲಿ ಬಂದಿತ್ತು, ಅವಸರದಲ್ಲಿ ಇದನ್ನೂ ಬೆಂಕಿಗೆ ಹಿಡಿದುಬಿಟ್ಟಿದ್ದಳು.

ಅಮಾವಾಸ್ಯೆ ಇವತ್ತೇ. ದೀಪ ಹಚ್ಚುವ ಹೊತ್ತಿಗೆ ಪೂಜೆ.

‘ಸರದಾರ ಇದ್ದಿದ್ದರೆ ಹೀಗಾಗುತ್ತಿತ್ತೇ?’ ಈ ಒಂದು ಪ್ರಶ್ನೆ ಅವಳನ್ನು ಕಾರಹುಣ್ಣಿಮೆಯಿಂದಲೂ ತಿನ್ನುತ್ತಿತ್ತು. ಗಂಡ ಸರದಾರ ಆ ಹುಣ್ಣಿಮೆಗೆ ತೀರಿಕೊಂಡ ಮೇಲೆ ಅಂಗಡಿಯ ಬಾಗಿಲು ತೆರೆದವಳು ಅವಳೊಬ್ಬಳೇ. ತಿದಿ ಒತ್ತುವವಳೂ ಅವಳೇ, ಇಕ್ಕಳ ಹಿಡಿಯುವವಳೂ ಅವಳೇ, ಪಾತ್ರೆ ಹೊತ್ತು ಮನೆಮನೆಗೆ ಮುಟ್ಟಿಸುವವಳೂ ಅವಳೇ. “ಹೆಣ್ಣಮಗಳು ಕಲಾಯಿ ಮಾಡತಾಳಂತ, ತಗೋರಿ!” ಎಂದು ಸಂತೆಯಲ್ಲಿ ನಕ್ಕವರಿಗೇನು ಕಡಿಮೆಯೇ? ನಗಲಿ, ಹಲ್ಲು ಅವರವೇ. ಆದರೆ ರಾಜರ ಸಂಸ್ಥಾನ ಹೋಗಿ ಮೋಟಾರು ಬಸ್ಸು ಹೆಚ್ಚಾದ ಮೇಲೆ ಜತ್ತ ಪಟ್ಟಣದಿಂದ ಒಬ್ಬ ಕಲಾಯಿಯವನು ಇಲ್ಲಿಗೂ ಬಂದುಹೋಗುತ್ತಿದ್ದ. ಪಾಡ್ಯ ಮುಗಿಯುತ್ತಲೇ ಮುಂದಿನ ವರ್ಷದ ಪಾತ್ರೆ ಯಾರ ಕೈಗೆ ಎಂದು ಮನೆಯವರು ಹೇಳಿಬಿಡುತ್ತಾರೆ. ಸಾವಕಾರರ ಮನೆಯ ಪಾತ್ರೆ ಎಲ್ಲಿಗೋ, ಅರ್ಧ ಉಮದಿಯ ಪಾತ್ರೆ ಅಲ್ಲಿಗೇ. ಅವರು ಬೇಡವೆಂದರೆ ಅಂಗಡಿ ಮುಚ್ಚಿದಂತೆಯೇ.

ಉಳಿದೆಲ್ಲ ಮನೆಗಳಿಗೂ ಪಾತ್ರೆ ಮುಟ್ಟಿಯಾಗಿತ್ತು. ಇದೊಂದು ಚೀಲ ಕೊಟ್ಟರೆ ವರ್ಷದ ಕೆಲಸ ಮುಗಿದು, ಒಲೆಗೆ ನೀರು ಹಾಕಿ ನಾಲ್ಕು ದಿನ ಕಾಲು ಚಾಚಬಹುದಿತ್ತು. ಹಣೆಬರಹ ನೋಡಿ!

ತಂಬಿಗೆಯನ್ನು ಮತ್ತೆ ಬೆಂಕಿಗೆ ಹಿಡಿದು, ತವರ ಕರಗುತ್ತಲೇ ಹತ್ತಿಯಿಂದ ಒರೆಸಿದಳು. ಒಳಗೆ ಬಿಳುಪು ಹಾಗೇ ಇತ್ತು. ಇಟ್ಟಿಗೆಪುಡಿ ಹಾಕಿ ತಿಕ್ಕಿದಳು, ಉಸುಕು ಹಾಕಿ ತಿಕ್ಕಿದಳು. ಬೆರಳ ತುದಿ ಕಿತ್ತು ರಕ್ತ ಬಂತು, ಬಿಳುಪು ಹೋಗಲಿಲ್ಲ. ಹಾಳಾದ ಕಲಾಯಿ ಅಷ್ಟು ಗಟ್ಟಿಯಾಗಿ ಕೂತಿತ್ತು! ಹೊತ್ತು ಬೇರೆ ಇಳಿಯುತ್ತಿತ್ತು. ಚೀಲ ಹೆಗಲಿಗೇರಿಸಿ, ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಳು.

ಸಾವಕಾರರ ಹಿತ್ತಲ ಬಾಗಿಲಲ್ಲಿ ಸೊಸೆ ಸಾವಿತ್ರೆವ್ವ ನಿಂತಿದ್ದಳು. ಅತ್ತು ಅತ್ತು ಕಣ್ಣು ಊದಿದ್ದವು.

“ಅಕ್ಕಾ, ಪೂಜಿ ತಂಬಿಗಿ ಏನರ ನಿಮ್ಮ ಕಡೆ ಬಂದದೇನ್ರಿ? ತೊಳಿಯಾಕ ಪೆಟಗಿಯಿಂದ ತಗದಿಟ್ಟಿದ್ದೆ. ಮುಂಜಾನಿಯಿಂದ ಹುಡುಕಾಕತ್ತೀನಿ. ಅತ್ತ್ಯಾರಿಗೆ ಗೊತ್ತಾದರ ನನ್ನ ಜೀವಾನ ತಗೀತಾರ!”

“ಚೀಲಕ್ಕ ಹಾಕಿದಾಕಿ ನೀನಽ ಏನವಾ?” ಬಿಬಿಜಾನಳಿಗೆ ಸಿಟ್ಟು ನೆತ್ತಿಗೇರಿತು. ಆದರೆ ಆ ಹುಡುಗಿಯ ಗದ್ದ ನಡುಗುತ್ತಿದ್ದುದನ್ನು ನೋಡಿದ ಮೇಲೆ ಬೈಗುಳ ಬಾಯಲ್ಲೇ ಉಳಿಯಿತು. ತನ್ನಂತೆಯೇ ಹೆದರಿದ ಜೀವ. ಸೆರಗು ಸರಿಸಿ ತಂಬಿಗೆ ತೋರಿಸಿದಳು.

ಸಾವಿತ್ರೆವ್ವ ಗಬಕ್ಕನೆ ಕಸಿದುಕೊಂಡು ಒಳಗೆ ಇಣುಕಿದಳು. “ಅಯ್ಯ ಶಿವನೇ, ಕಲಾಯಿ!”

ಅಷ್ಟರಲ್ಲಿ ಒಳಗಿನಿಂದ ಅತ್ತೆ ಸಿದ್ದಲಿಂಗವ್ವನ ದನಿ ಬಂತು. “ಸಾವಿತ್ರಿ, ತಂಬಿಗಿ ಎಲ್ಲದ? ನಿಮ್ಮ ಮಾವನೋರು ಜಳಕ ಮಾಡಿ ಕುಂತಾರ, ಲಗೂನ ತಾ.”

ಸಾವಿತ್ರೆವ್ವ ಕೊಡದಿಂದ ನೀರು ಸುರಿದಳು, ಬಾಯಿಗೆ ವೀಳ್ಯದೆಲೆ ಜೋಡಿಸಿದಳು, ತೆಂಗಿನಕಾಯಿ ಕೂರಿಸಿದಳು. ಈಗ ಒಳಗೇನೂ ಕಾಣುತ್ತಿರಲಿಲ್ಲ. ಇಬ್ಬರೂ ಉಸಿರು ಬಿಡುವಷ್ಟರಲ್ಲಿ ಸಿದ್ದಲಿಂಗವ್ವನೇ ಹಿತ್ತಲಿಗೆ ಬಂದಳು.

“ಅಡಿಕಿ, ಅರಿಷಿಣ ಹಾಕದಽ ಕಾಯಿ ಇಟ್ಟೀಯಲ್ಲ. ಏನ್ ಹುಡುಗೀನೋ!” ಎನ್ನುತ್ತ ಕಾಯಿ ಎತ್ತಿದಳು. ಎಲೆ ಸರಿಸಿ ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು.

ಬಿಬಿಜಾನ ಒಂದು ಹೆಜ್ಜೆ ಮುಂದೆ ಬಂದಳು. ಮುಗಿಯಿತು, ಇಲ್ಲಿಗೆ ಎಲ್ಲ ಮುಗಿಯಿತು.

“ಅವ್ವಾರ, ತಪ್ಪು ನಂದ ಅದರಿ. ಬೆಂಕಿಗಿ ಹಿಡಿಯೂ ಮೊದಲ ನಾ ನೋಡಬೇಕಿತ್ತು. ಹುಡುಗಿಗಿ ಏನೂ ಅನಬ್ಯಾಡ್ರಿ.”

ಸಿದ್ದಲಿಂಗವ್ವ ಸೊಸೆಯ ಮುಖ ನೋಡಿದಳು, ಬಿಬಿಜಾನಳ ಬೆರಳ ರಕ್ತ ನೋಡಿದಳು. ಸಾವಕಾರರು ಕೂತಿದ್ದ ಪಡಸಾಲೆಯ ಕಡೆ ಒಮ್ಮೆ ತಿರುಗಿ ದನಿ ತಗ್ಗಿಸಿದಳು. “ಸಾವಿತ್ರಿ, ಅರಿಷಿಣ ಇನ್ನೊಂದ ಹಿಡಿ ಹಾಕು. ತಳ ಕಾಣಬಾರದು.”

ಹಳದಿ ನೀರಿನಲ್ಲಿ ಬಿಳುಪು ಮುಳುಗಿತು. ಎಲೆ, ಕಾಯಿ ಮತ್ತೆ ಕೂತವು. ಸಾವಿತ್ರೆವ್ವ ಕಳಸ ಎತ್ತಿಕೊಂಡು ಒಳಗೆ ಓಡಿದಳು.

ಬಿಬಿಜಾನ ಹೆಗಲ ಚೀಲ ಕೆಳಗಿಳಿಸಿದಳು. ಕೊನೆಗೆ, “ಸರದಾರ ಇದ್ದಿದ್ದರ ಹಿಂಗ ಆಗತಿದ್ದಿಲ್ಲರಿ ಅವ್ವಾರ,” ಎಂದಳು.

“ಯಾರು, ನಿನ್ನ ಗಂಡ?” ಸಿದ್ದಲಿಂಗವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. “ಅಂವಾ ಇದನ್ನ ಎರಡ ಸಲ ಕಲಾಯಿ ಮಾಡ್ಯಾನವಾ. ಒಂದ ಸಲ ಚೀಲಕ್ಕ ಹಾಕಿದಾಕಿ ನಾನ. ಆವಾಗ ನಾನೂ ಸೊಸಿ. ನೀ ನಿಂತಲ್ಲೆ ನಿಂತು ಅಳಾಕತ್ತಿದ್ದ, ಅಷ್ಟ ದೊಡ್ಡ ಗಂಡಸು! ಆ ಬಿಳುಪು ಹೋಗಬೇಕಾದರ ನನ್ನ ಕೈ ಸವದು ಹೋದವು.”

ಎರಡು ಸಲ! ಮನೆಯಲ್ಲಿ ಒಂದು ಮಾತು ಹೇಳಿರಲಿಲ್ಲವಲ್ಲ ಆ ಮನುಷ್ಯ! ‘ನನ್ನ ಕೈ ತಪ್ಪಿದ್ದೇ ಇಲ್ಲ’ ಎಂದು ಮೀಸೆ ತಿರುವುತ್ತಿದ್ದವನು! ಬಿಬಿಜಾನಳಿಗೆ ಸತ್ತ ಗಂಡನ ಮೇಲೆ ಕೆಂಡದಂಥ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ನಗು ಬಂತು, ನಗುವಿನಲ್ಲಿ ಕಣ್ಣು ತುಂಬಿದವು. ಈ ನಾಲ್ಕೈದು ತಿಂಗಳಲ್ಲಿ ಅವನ ನೆನಪು ಅವಳನ್ನು ಹೆದರಿಸದೆ ಬಂದದ್ದು ಇದೇ ಮೊದಲು.

ಒಳಗೆ ಪೂಜೆಯ ಗಂಟೆ ಮೊಳಗಿತು. ಸಿದ್ದಲಿಂಗವ್ವ ಹೊಸ್ತಿಲು ದಾಟುತ್ತ ತಿರುಗಿದಳು.

“ಪಾಡ್ಯ ಮುಗದ ಮ್ಯಾಲೆ ಬಾ, ಕಲಾಯಿಗಿ ದೊಡ್ಡ ಪಾತೇಲಿ ಕೊಡೂದದ. ಈ ಸಲ ಚೀಲ ನಾನ ಕಟ್ಟತೀನಿ.”